ಗರ್ಭಕೋಶದ ಗಡ್ಡೆ, ಅತಿಯಾದ ಮುಟ್ಟು: ಒಪಿಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಹೆಂಗಸರ ಡಾಕ್ಟರಾಗಿ ಕೂತವಳಿಗೆ ಸೋಮವಾರದ ಒಪಿಡಿ ಅಂದರೆ ಅರ್ಧ ಮಂಡ್ಯ ಜಿಲ್ಲೆಯೇ ಎದುರು ಬಂದ ಹಾಗೆ. ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ, ಈ ಕಡೆಯಿಂದ ನಂಜನಗೂಡು, ಹುಣಸೂರು. ಬೆಳಗಿನ ಬಸ್ಸಿಗೋ ರೈಲಿಗೋ ಬಂದವರು ನಾಲ್ಕು ಮಡಿಕೆಯ ಸ್ಕ್ಯಾನಿಂಗ್ ರಿಪೋರ್ಟು ತೆಗೆದು ಮೇಜಿನ ಮೇಲಿಟ್ಟು, "ಗಡ್ಡೆ ಅಂತೆ ಮೇಡಂ" ಎಂದು ಸುಮ್ಮನಾಗುತ್ತಾರೆ. ಆಮೇಲೆ ಅವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಐದು ನಿಮಿಷದಲ್ಲಿ ಹೇಳಿ ಮುಗಿಸಲಾಗದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಗಡ್ಡೆ ಅಂದ್ರೆ ಕ್ಯಾನ್ಸರ್ರಾ ಮೇಡಂ?

ಅಲ್ಲ. ಈ ಉತ್ತರ ಕೇಳಿದ ಮೇಲೆಯೇ ಬಹಳ ಜನ ಕುರ್ಚಿಗೆ ಒರಗಿ ಕೂರುತ್ತಾರೆ.

ನಾವು ಫೈಬ್ರಾಯ್ಡ್ ಎಂದು ಕರೆಯುವ ಈ ಗಡ್ಡೆ ಗರ್ಭಕೋಶದ ಗೋಡೆಯ ಸ್ನಾಯುವೇ ಒಂದು ಕಡೆ ಉಂಡೆಗಟ್ಟಿ ಬೆಳೆದದ್ದು. ಒಂದೇ ಒಂದು ಸ್ನಾಯುಕೋಶದಿಂದ ಶುರುವಾಗಿ ವರ್ಷಗಟ್ಟಲೆ ನಿಧಾನಕ್ಕೆ ದಪ್ಪವಾಗುತ್ತದೆ. ಅದು ಬೇರೆ ಅಂಗಗಳಿಗೆ ಹರಡುವುದಿಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುತ್ತದೆ ಅನ್ನುವುದಕ್ಕೂ ಆಧಾರವಿಲ್ಲ. ಗರ್ಭಕೋಶದ ಸ್ನಾಯುವಿನಲ್ಲಿ ಸಾರ್ಕೋಮ ಎಂಬ ಕ್ಯಾನ್ಸರ್ ಇದೆ, ನಿಜ. ಆದರೆ ಅತಿ ವಿರಳ. ಮುಟ್ಟು ನಿಂತ ಮೇಲೂ ಬೆಳೆಯುತ್ತಲೇ ಇರುವ ಗಡ್ಡೆಯನ್ನು ಮಾತ್ರ ಅನುಮಾನದಿಂದ ನೋಡುತ್ತೇವೆ. ಐವತ್ತರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಸಣ್ಣದೋ ದೊಡ್ಡದೋ ಒಂದು ಫೈಬ್ರಾಯ್ಡ್ ಇದ್ದೇ ಇರುತ್ತದೆ. ಬಹಳಷ್ಟು ಜನಕ್ಕೆ ಅದು ಇರುವುದೇ ಗೊತ್ತಾಗುವುದಿಲ್ಲ.

ನಂಗೇ ಯಾಕೆ ಬಂತು? ಮೈ ಉಷ್ಣಕ್ಕಾ? ಮಕ್ಕಳಾಗದ ಆಪರೇಷನ್ ಮಾಡಿಸ್ಕೊಂಡಿದ್ದಕ್ಕಾ?

ಎರಡೂ ಅಲ್ಲ. ಪಪ್ಪಾಯಿ ತಿಂದಿದ್ದಕ್ಕೂ ಅಲ್ಲ, ಭಾರ ಹೊತ್ತಿದ್ದಕ್ಕೂ ಅಲ್ಲ, ಮುಟ್ಟಿನಲ್ಲಿ ತಲೆಗೆ ನೀರು ಹಾಕಿಕೊಂಡಿದ್ದಕ್ಕಂತೂ ಅಲ್ಲವೇ ಅಲ್ಲ. ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಎಂಬ ಎರಡು ಹಾರ್ಮೋನು ಈ ಗಡ್ಡೆಗೆ ಗೊಬ್ಬರ ಇದ್ದಂತೆ. ಅದಕ್ಕೇ ಮೈನೆರೆಯುವ ಮುಂಚೆ ಗಡ್ಡೆ ಕಾಣುವುದಿಲ್ಲ, ಮುಟ್ಟು ನಿಂತ ಮೇಲೆ ಒಣಗಿ ಸಣ್ಣದಾಗುತ್ತದೆ. ಅಮ್ಮನಿಗೋ ಅಕ್ಕನಿಗೋ ಇದ್ದರೆ, ಮೈತೂಕ ಜಾಸ್ತಿ ಇದ್ದರೆ ಬರುವ ಸಂಭವ ಹೆಚ್ಚು. ಅಷ್ಟು ಬಿಟ್ಟರೆ ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ.

ಎಷ್ಟು ಹೋದ್ರೆ ಜಾಸ್ತಿ ಅಂತ ಅಂದ್ಕೋಬೇಕು? ನಮ್ಮ ಮನೇಲಿ ಎಲ್ಲರಿಗೂ ಹಿಂಗೇ.

"ನಮ್ಮ ಅವ್ವಂಗೂ ಹಿಂಗೇ ಓಯ್ತಿತ್ತು" ಎನ್ನುವ ಮಾತೇ ಎಷ್ಟೋ ಜನರನ್ನು ಆಸ್ಪತ್ರೆಗೆ ಐದು ವರ್ಷ ತಡವಾಗಿ ಕರೆತಂದಿದೆ. ಅವ್ವನಿಗೂ ಗಡ್ಡೆ ಇದ್ದಿರಬಹುದು, ಯಾರೂ ನೋಡಿರಲಿಲ್ಲ, ಅಷ್ಟೇ.

ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿ.ಲೀ. 80 ಮಿ.ಲೀ. ದಾಟಿದರೆ ಅತಿಯಾದ ಮುಟ್ಟು ಎಂದು ಹಿಂದಿನಿಂದ ಲೆಕ್ಕ. ಹೋಟೆಲಿನ ಬೈಟು ಕಾಫಿಯಷ್ಟು ಅನ್ನಿ. ಮನೆಯಲ್ಲಿ ಯಾರೂ ಅಳೆಯಲಾರರು. ಆದ್ದರಿಂದ ನಾನು ಬೇರೆ ಥರ ಕೇಳುತ್ತೇನೆ. ಗಂಟೆಗೋ ಎರಡು ಗಂಟೆಗೋ ಪ್ಯಾಡು ಒದ್ದೆಯಾಗಿ ಬದಲಾಯಿಸಬೇಕಾ? ಏಳು ದಿನಕ್ಕಿಂತ ಹೆಚ್ಚು ಹೋಗುತ್ತದಾ? ಹತ್ತು ರೂಪಾಯಿ ನಾಣ್ಯದಷ್ಟು ಅಥವಾ ಅದಕ್ಕಿಂತ ದೊಡ್ಡ ಹೆಪ್ಪು ಬೀಳುತ್ತದಾ? ರಾತ್ರಿ ಎದ್ದು ಬಟ್ಟೆ ಬದಲಾಯಿಸುತ್ತೀರಾ? ಆ ದಿನಗಳಲ್ಲಿ ಮದುವೆ ಮನೆಗೆ ಹೋಗುವುದನ್ನು, ಗದ್ದೆಗೆ ಹೋಗುವುದನ್ನು, ಬಸ್ಸಿನಲ್ಲಿ ಸೀಟಿನ ಮೇಲೆ ಕೂರುವುದನ್ನು ಬಿಟ್ಟಿದ್ದೀರಾ? ಒಂದಕ್ಕೆ ಹೌದು ಅಂದರೂ ಅದು ಜಾಸ್ತಿಯೇ. ದಿನದ ಬದುಕನ್ನು ಕೆಡಿಸುವಷ್ಟು ಹೋದರೆ ಮಿ.ಲೀ. ಲೆಕ್ಕ ಬೇಕಿಲ್ಲ ಎಂದು ಈಗಿನ ವೈದ್ಯಶಾಸ್ತ್ರವೇ ಒಪ್ಪಿದೆ.

ಬಟ್ಟೆ ಬಳಸುವವರು "ಎರಡೇ ಸಲ ಬದಲಾಯಿಸ್ತೀನಿ" ಅನ್ನುತ್ತಾರೆ. ಎಷ್ಟು ಮಡಿಕೆಯ ಬಟ್ಟೆ ಎಂದು ಕೇಳಿದರೆ ಹಳೆಯ ಕಾಟನ್ ಸೀರೆಯ ಅರ್ಧ! ಹಾಗಾಗಿ ಎಷ್ಟು ಸಲ ಅನ್ನುವುದರ ಜೊತೆ ಯಾವ ಬಟ್ಟೆ ಅನ್ನುವುದನ್ನೂ ಹೇಳಿ.

ನನ್ನ ಗಡ್ಡೆ ಐದು ಸೆಂಟಿಮೀಟರ್. ಪಕ್ಕದ ಮನೆಯವರದ್ದು ಎರಡೇ, ಅವರಿಗೆ ಆಪರೇಷನ್ ಹೇಳಿದ್ದಾರೆ, ನಂಗೆ ಸುಮ್ನಿರಿ ಅಂತೀರಲ್ಲ?

ಇಡೀ ಬರಹದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಹಲಸಿನ ಮರ ನೆನಪಿಸಿಕೊಳ್ಳಿ. ಕೆಲವು ಗಡ್ಡೆ ಮರದ ಹೊರಗೆ ತೊಟ್ಟಿನಲ್ಲಿ ನೇತಾಡುವ ಕಾಯಿಯ ಹಾಗೆ, ಗರ್ಭಕೋಶದ ಹೊರಮೈಗೆ ಅಂಟಿಕೊಂಡಿರುತ್ತವೆ. ಇವು ಮುಷ್ಟಿಗಾತ್ರ ಆದರೂ ಮುಟ್ಟು ಕೆಡಿಸುವುದು ಅಪರೂಪ. ತೀರ ದೊಡ್ಡದಾದರೆ ಮೂತ್ರಚೀಲವನ್ನು ಒತ್ತಿ ಪದೇ ಪದೇ ಉಚ್ಚೆಗೆ ಹೋಗುವಂತೆ ಮಾಡಬಹುದು, ಮಲ ಕಟ್ಟಬಹುದು. ಕೆಲವು ಮರದ ಗಂಟಿನ ಹಾಗೆ ಗೋಡೆಯೊಳಗೇ ಹೂತಿರುತ್ತವೆ. ದೊಡ್ಡದಾದಂತೆ ರಕ್ತವೂ ನೋವೂ ಹೆಚ್ಚು. ಇನ್ನು ಕೆಲವು ಪೊಟರೆಯೊಳಗೆ ಬೆಳೆದ ಹಾಗೆ, ಮುಟ್ಟು ಶುರುವಾಗುವ ಒಳಪದರಕ್ಕೇ ಚಾಚಿಕೊಂಡಿರುತ್ತವೆ. ನೆಲ್ಲಿಕಾಯಿಯಷ್ಟಿದ್ದರೂ ಸಾಕು, ನಲ್ಲಿ ಬಿಟ್ಟ ಹಾಗೆ ರಕ್ತ ಹೋಗುತ್ತದೆ, ಗರ್ಭ ನಿಲ್ಲುವುದಕ್ಕೂ ಅಡ್ಡಿ. ಪಕ್ಕದ ಮನೆಯವರದ್ದು ಈ ಜಾತಿಯದಿರಬಹುದು.

ರಿಪೋರ್ಟು ಕೈಗೆ ಬಂದಾಗ ಎಲ್ಲರ ಕಣ್ಣೂ ಸೆಂಟಿಮೀಟರಿನ ಮೇಲೆ. ನೀವು ಕೇಳಬೇಕಾದದ್ದು, "ಗಡ್ಡೆ ಎಲ್ಲಿ ಕೂತಿದೆ ಡಾಕ್ಟ್ರೇ? ಒಳಪದರ ಮುಟ್ಟಿದೆಯಾ?" ಚಿಕಿತ್ಸೆ ನಿರ್ಧಾರವಾಗುವುದು ಅದು ಕೂತ ಜಾಗ, ನಿಮ್ಮ ತೊಂದರೆ, ನಿಮ್ಮ ವಯಸ್ಸು, ಮಕ್ಕಳು ಬೇಕೋ ಸಾಕೋ ಅನ್ನುವುದರ ಮೇಲೆ. ತೊಂದರೆಯೇ ಕೊಡದ ಗಡ್ಡೆಗೆ ಔಷಧಿಯೂ ಬೇಡ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡರೆ ಸಾಕು.

"ಬಲ್ಕಿ ಯುಟೆರಸ್" ಅಂತ ಬರೆದವ್ರೆ. ಇದು ಬೇರೆ ಕಾಯಿಲೆನಾ?

ಕಾಯಿಲೆಯ ಹೆಸರಲ್ಲ. ಗರ್ಭಕೋಶ ಕೊಂಚ ದಪ್ಪಗಿದೆ ಎಂದಷ್ಟೇ ಅದರ ಅರ್ಥ. ಎರಡು ಮೂರು ಹೆತ್ತವರಲ್ಲಿ ಸ್ವಲ್ಪ ದಪ್ಪ ಇರುವುದು ಸಹಜ. ಇದೊಂದೇ ಸಾಲು ನೋಡಿ ಯಾರಾದರೂ ಆಪರೇಷನ್ ಅಂದರೆ, ಕಾರಣ ಕೇಳಿ. ಹಾಗೆಯೇ "14 ವಾರದ ಸೈಜು" ಎಂದು ಚೀಟಿಯಲ್ಲಿ ಬರೆದದ್ದನ್ನು ಓದಿ ಗರ್ಭಿಣಿ ಅಂದುಕೊಂಡು ಗಾಬರಿಯಾದವರಿದ್ದಾರೆ. ಗಡ್ಡೆಯಿಂದ ಗರ್ಭಕೋಶ ಎಷ್ಟು ಉಬ್ಬಿದೆ ಎಂದು ಹೇಳಲು ನಾವು ಬಸುರಿನ ವಾರಗಳನ್ನು ಅಳತೆಕೋಲು ಮಾಡಿಕೊಂಡಿದ್ದೇವೆ. ನಮ್ಮ ಹಳೆಯ ದುರಭ್ಯಾಸ.

ಜಾಸ್ತಿ ಹೋದ್ರೆ ಗಡ್ಡೆನೇ ಇರುತ್ತಾ?

ಇಲ್ಲ. ಥೈರಾಯ್ಡ್ ಏರುಪೇರು, ಒಳಪದರದ ಸಣ್ಣ ದುರ್ಮಾಂಸ, ಗೋಡೆಯೊಳಗೇ ಮುಟ್ಟಿನ ಪದರ ಬೆಳೆಯುವ ಅಡಿನೋಮಯೋಸಿಸ್, ಅಂಡ ಸರಿಯಾಗಿ ಬಿಡುಗಡೆಯಾಗದಿರುವುದು, ಕಾಪರ್ ಟಿ, ರಕ್ತ ತೆಳುವಾಗಿಸುವ ಮಾತ್ರೆ, ಇವೆಲ್ಲ ಕಾರಣ ಆಗಬಹುದು. ಮೈನೆರೆದ ಹೊಸತರಲ್ಲೇ ವಿಪರೀತ ಹೋಗುವ ಹುಡುಗಿಯರಲ್ಲಿ ರಕ್ತ ಹೆಪ್ಪುಗಟ್ಟುವ ಗುಣದಲ್ಲೇ ಕೊರತೆ ಇರಬಹುದು. ಆದ್ದರಿಂದ ಬರೀ ಸ್ಕ್ಯಾನಿಂಗ್ ಸಾಲದು. ಹಿಮೋಗ್ಲೋಬಿನ್, ಥೈರಾಯ್ಡ್, ಬೇಕಾದರೆ ಗರ್ಭ ಪರೀಕ್ಷೆ. ನಲವತ್ತು ದಾಟಿದವರಲ್ಲಿ, ಸಕ್ಕರೆ ಕಾಯಿಲೆ ಅಥವಾ ಮೈತೂಕ ಜಾಸ್ತಿ ಇದ್ದವರಲ್ಲಿ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುವುದುಂಟು. ಗರ್ಭಕೋಶದ ಬಾಯಿಯನ್ನೂ ನೋಡಿಸಿಕೊಳ್ಳಿ. ಒಳಗಿನ ಪರೀಕ್ಷೆ ಅಂದರೆ ಸಂಕೋಚ, ನನಗೆ ಗೊತ್ತು; ಆದರೆ ಸ್ಕ್ಯಾನಿಂಗಿಗೆ ಕಾಣದ ಗಾಯ ಕಣ್ಣಿಗೆ ಕಂಡ ಪ್ರಸಂಗಗಳಿವೆ.

ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಒಂದು ಹನಿ ಕಂಡರೂ ಕಾಯಬೇಡಿ, ಆ ವಾರವೇ ತೋರಿಸಿ.

ರಕ್ತ 7 ಇದೆ ಅಂದ್ರು. ಓಡಾಡ್ಕೊಂಡೇ ಇದೀನಲ್ಲ?

ಓಡಾಡಿಕೊಂಡಿರುತ್ತೀರಿ, ಅದೇ ಮೋಸ. ರಕ್ತ ನಿಧಾನಕ್ಕೆ ಇಳಿದರೆ ಮೈ ಹೊಂದಿಕೊಂಡುಬಿಡುತ್ತದೆ. ಮಹಡಿ ಹತ್ತುವಾಗ ಏದುಸಿರು, ಕೂತಲ್ಲೇ ತೂಕಡಿಕೆ, ಕೂದಲು ಉದುರುವುದು, ಅಕ್ಕಿ ಅಥವಾ ಮಣ್ಣು ತಿನ್ನಬೇಕೆನ್ನಿಸುವುದು, ಇವನ್ನೆಲ್ಲ "ವಯಸ್ಸಾಯ್ತು" ಎಂದು ತಳ್ಳಿಹಾಕುತ್ತೀರಿ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು. 8ಕ್ಕಿಂತ ಕೆಳಗೆ ಹೋದರೆ ತೀವ್ರ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನಕ್ಕೆ ರಕ್ತ ಕಮ್ಮಿ.

ಲೆಕ್ಕ ನೋಡಿ: ಒಂದು ಮಿ.ಲೀ. ರಕ್ತದ ಜೊತೆ ಸುಮಾರು ಅರ್ಧ ಮಿ.ಗ್ರಾಂ ಕಬ್ಬಿಣ ಹೋಗುತ್ತದೆ. 80 ಮಿ.ಲೀ. ಹೋದರೆ 40 ಮಿ.ಗ್ರಾಂ. ಊಟದಿಂದ ಮೈ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿ.ಗ್ರಾಂ ಮಾತ್ರ, ಅದರಲ್ಲೂ ಒಂದು ಪಾಲು ಬೆವರು, ಚರ್ಮ, ಕರುಳಿನಿಂದ ನಿತ್ಯ ಕಳೆದುಹೋಗುತ್ತದೆ. ಸಂಬಳಕ್ಕಿಂತ ಖರ್ಚು ಜಾಸ್ತಿ ಇರುವ ಮನೆಯ ಹಾಗೆ, ತಿಂಗಳು ತಿಂಗಳು ಸಾಲ.

ಗಡ್ಡೆಯ ವಿಷಯ ಏನೇ ತೀರ್ಮಾನವಾಗಲಿ, ಕಬ್ಬಿಣದ ಚಿಕಿತ್ಸೆ ಇವತ್ತೇ ಶುರುವಾಗಬೇಕು. ಮಾತ್ರೆಯನ್ನು ನಿಂಬೆರಸದ ಜೊತೆ ತೆಗೆದುಕೊಳ್ಳಿ. ಕಾಫಿ, ಟೀ, ಹಾಲಿನ ಹಿಂದೆಮುಂದೆ ಬೇಡ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಒಂದೆರಡು ಗಂಟೆ ಅಂತರ ಇರಲಿ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ನಿಲ್ಲಿಸಿಬಿಡದೆ ಬಂದು ಹೇಳಿ, ದಿನ ಬಿಟ್ಟು ದಿನ ಕೊಟ್ಟರೂ ಕೆಲಸ ಮಾಡುತ್ತದೆ. ರಕ್ತ 12 ಮುಟ್ಟಿದ ಮೇಲೂ ಮೂರು ತಿಂಗಳು ಮುಂದುವರಿಸಬೇಕು, ಉಗ್ರಾಣ ತುಂಬಬೇಕಲ್ಲ. ಮಾತ್ರೆ ಆಗದವರಿಗೆ, ಬೇಗ ಏರಿಸಬೇಕಾದವರಿಗೆ ಡ್ರಿಪ್ಪಿನಲ್ಲಿ ಕಬ್ಬಿಣ ಕೊಡುತ್ತೇವೆ.

ಬೀಟ್‌ರೂಟು, ದಾಳಿಂಬೆ ತಿಂತಾನೇ ಇದೀನಿ. ರಾಗಿ ಮುದ್ದೆನೂ ಉಣ್ತೀವಿ.

ಬಣ್ಣ ಕೆಂಪಗಿದ್ದ ಮಾತ್ರಕ್ಕೆ ರಕ್ತ ಆಗುವುದಿಲ್ಲ. ಬೀಟ್‌ರೂಟು, ದಾಳಿಂಬೆ ಎರಡರಲ್ಲೂ 100 ಗ್ರಾಂಗೆ ಒಂದು ಮಿ.ಗ್ರಾಂ ಕಬ್ಬಿಣವೂ ಇಲ್ಲ. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂ. ಕಬ್ಬಿಣ ಸುಮಾರಾಗಿದೆ, ಅದೂ ಪೂರ್ತಿ ಮೈಗೆ ಹತ್ತುವುದಿಲ್ಲ. ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಉಪ್ಸಾರು ಒಳ್ಳೆಯವು, ಮೇಲೆ ನಿಂಬೆ ಹಿಂಡಿಕೊಂಡರೆ ಇನ್ನೂ ಒಳ್ಳೆಯದು. ಮಾಂಸ ತಿನ್ನುವವರಿಗೆ ಈಲಿ, ಮಟನ್ ಬೇಗ ಹತ್ತುತ್ತವೆ. ಆದರೆ ರಕ್ತ 7ಕ್ಕೆ ಇಳಿದವರನ್ನು ಊಟವೊಂದೇ ಎತ್ತಲಾರದು.

ಆಪರೇಷನ್ ಇಲ್ದೆ ಮಾತ್ರೇಲೇ ಕಮ್ಮಿ ಆಗುತ್ತಾ?

ಗಡ್ಡೆಯನ್ನು ಪೂರ್ತಿ ಕರಗಿಸುವ ಮಾತ್ರೆ ಇಲ್ಲ. ರಕ್ತ ಕಮ್ಮಿ ಮಾಡುವ ಮಾತ್ರೆಗಳು ಚೆನ್ನಾಗಿಯೇ ಇವೆ. ಮೊದಲನೆಯದು ಟ್ರಾನೆಕ್ಸಾಮಿಕ್ ಆಸಿಡ್. 1960ರ ದಶಕದಲ್ಲಿ ಜಪಾನಿನ ಉಟಾಕೊ ಒಕಾಮೊಟೊ ಎಂಬ ವೈದ್ಯೆ ಗಂಡನ ಜೊತೆ ಸೇರಿ ಕಂಡುಹಿಡಿದದ್ದು. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕು ಎಂಬುದು ಆಕೆಯ ಹಂಬಲ. ಜೋರಾಗಿ ಹೋಗುವ ನಾಲ್ಕೈದು ದಿನ ಮಾತ್ರ ಇದನ್ನು ತೆಗೆದುಕೊಳ್ಳಬೇಕು, ತಿಂಗಳಿಡೀ ಅಲ್ಲ. ರಕ್ತ ಅರ್ಧದಷ್ಟು ಇಳಿಯಬಹುದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆದವರು ಮೊದಲೇ ಹೇಳಬೇಕು. ನೋವೂ ಇದ್ದರೆ ಜೊತೆಗೆ ಮೆಫೆನಾಮಿಕ್ ಆಸಿಡ್. ಮೆಡಿಕಲ್ ಸ್ಟೋರಿನಲ್ಲಿ "ಮುಟ್ಟು ನಿಲ್ಲೋ ಮಾತ್ರೆ ಕೊಡಿ" ಎಂದು ಹಬ್ಬಕ್ಕೊಮ್ಮೆ ಜಾತ್ರೆಗೊಮ್ಮೆ ತರುತ್ತೀರಲ್ಲ, ಅದು ಹಾರ್ಮೋನಿನ ಮಾತ್ರೆ. ಅದು ಕೂಡ ಚಿಕಿತ್ಸೆಗೆ ಬಳಸುವಂಥದ್ದೇ, ಆದರೆ ತೋರಿಸದೆ ನುಂಗುತ್ತಿದ್ದರೆ ಕಾರಣ ಒಳಗೇ ಮುಚ್ಚಿಹೋಗುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ "ಛಾಯಾ" ಮಾತ್ರೆಯ ಒಳಗಿರುವುದು ಆರ್ಮೆಲಾಕ್ಸಿಫೀನ್, ಲಖನೌದ ಪ್ರಯೋಗಾಲಯದಲ್ಲಿ ತಯಾರಾದ ನಮ್ಮದೇ ಔಷಧಿ. ಕುಟುಂಬ ಯೋಜನೆಗೆಂದು ಬಂದದ್ದನ್ನು ಅತಿಯಾದ ಮುಟ್ಟಿಗೂ ಬಳಸುತ್ತೇವೆ. ಗಡ್ಡೆಯನ್ನು ಕುಗ್ಗಿಸುವ ಲ್ಯೂಪ್ರೊಲೈಡ್ ಇಂಜೆಕ್ಷನ್ನನ್ನು ಆಪರೇಷನ್ನಿಗೆ ಮುಂಚೆ ಕೆಲವು ತಿಂಗಳು ಕೊಡುವುದುಂಟು. ಹೆಚ್ಚು ಕಾಲ ಕೊಟ್ಟರೆ ಮೂಳೆ ಸವೆಯುತ್ತದೆ, ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ.

ಕಾಪರ್ ಟಿ ಹಾಕಿದ್ರೆ ಜಾಸ್ತಿ ಹೋಗುತ್ತೆ ಅಂತಾರೆ, ನೀವು ಅದನ್ನೇ ಹಾಕಿಸ್ಕೊಳ್ಳಿ ಅಂತೀರಲ್ಲ?

ಇದು ಬೇರೆ. ಆಕಾರ ಒಂದೇ, ಇದರಲ್ಲಿ ತಾಮ್ರದ ಬದಲು ಪ್ರೊಜೆಸ್ಟೆರಾನ್ ಜಾತಿಯ ಹಾರ್ಮೋನು ಇರುತ್ತದೆ. ಸ್ವಲ್ಪಸ್ವಲ್ಪವಾಗಿ ಒಳಪದರಕ್ಕೆ ಜಿನುಗಿ ಅದನ್ನು ತೆಳುವಾಗಿಸುತ್ತದೆ. ಐದು ವರ್ಷವಾದರೂ ಇರುತ್ತದೆ. ಮೊದಲ ಮೂರರಿಂದ ಆರು ತಿಂಗಳು ಚೂರುಚೂರು ಕಾಣಿಸುತ್ತಿರುತ್ತದೆ, ಆ ಹಂತದಲ್ಲೇ ಬೇಸತ್ತು ತೆಗೆಸುವವರು ಹೆಚ್ಚು. ತಾಳಿಕೊಂಡವರಿಗೆ ಆಮೇಲೆ ಬಹಳ ಸಲೀಸು. ಗಡ್ಡೆ ಒಳಗಿನ ಜಾಗವನ್ನೇ ಸೊಟ್ಟ ಮಾಡಿದ್ದರೆ ಮಾತ್ರ ಇದು ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ.

ಬರೀ ಗಡ್ಡೆ ತೆಗೆದು ಗರ್ಭಕೋಶ ಉಳಿಸೋಕಾಗಲ್ವಾ?

ಆಗುತ್ತದೆ. ಒಳಪದರದ ಗಡ್ಡೆಯಾದರೆ ಹೊಟ್ಟೆಗೆ ಒಂದು ಗಾಯವೂ ಇಲ್ಲದೆ, ಕೆಳಗಿನಿಂದಲೇ ಕ್ಯಾಮೆರಾ ಹಾಕಿ ಕೆರೆದು ತೆಗೆಯುತ್ತಾರೆ. ಗೋಡೆಯದ್ದು, ಹೊರಗಿನದ್ದು ಆದರೆ ಲ್ಯಾಪ್ರೊಸ್ಕೋಪಿಯಲ್ಲೋ ಹೊಟ್ಟೆ ಕೊಯ್ದೋ. ಮಕ್ಕಳು ಬೇಕಾದವರಿಗೆ ಇದೇ ಸರಿಯಾದ ದಾರಿ. ಹೊಸ ಗಡ್ಡೆ ಮತ್ತೆ ಬರಬಹುದು ಎಂಬುದನ್ನೂ, ಗೋಡೆ ಆಳಕ್ಕೆ ಕೊಯ್ದಿದ್ದರೆ ಮುಂದೆ ಹೆರಿಗೆ ಸಿಸೇರಿಯನ್ ಆಗಬಹುದು ಎಂಬುದನ್ನೂ ತಿಳಿದಿರಿ. ಗಡ್ಡೆಗೆ ರಕ್ತ ಕೊಡುವ ನಾಳವನ್ನು ಸಣ್ಣ ಕೊಳವೆಯ ಮೂಲಕ ಮುಚ್ಚಿ ಅದನ್ನು ಒಣಗಿಸುವ ವಿಧಾನವೂ ಇದೆ, ದೊಡ್ಡ ಆಸ್ಪತ್ರೆಗಳಲ್ಲಿ ರೇಡಿಯಾಲಜಿಯವರು ಮಾಡುತ್ತಾರೆ. ಮುಂದೆ ಮಕ್ಕಳು ಬೇಕೆನ್ನುವವರಿಗೆ ಅದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಮಕ್ಕಳಾಗಿದಾವೆ, ಚೀಲ ಇದ್ದೇನು ಪ್ರಯೋಜನ? ತೆಗೆದಾಕ್ಬಿಡಿ.

ಇದನ್ನು ಕೇಳುವವರಲ್ಲಿ ಮೂವತ್ತೆರಡರವರೂ ಇರುತ್ತಾರೆ. ಕೆಲವೊಮ್ಮೆ ಜೊತೆಗೆ ಬಂದ ಅತ್ತೆ ಕೇಳುತ್ತಾರೆ.

ನಾನು ಗರ್ಭಕೋಶ ತೆಗೆಯುವುದರ ವಿರೋಧಿಯಲ್ಲ. ನಲವತ್ತೈದು ದಾಟಿ, ಐದಾರು ಗಡ್ಡೆ ಇದ್ದು, ಔಷಧಿ ಸೋತು, ಎರಡು ಸಲ ರಕ್ತ ಹಾಕಿಸಿಕೊಂಡವರಿಗೆ ಆ ಆಪರೇಷನ್ ಮರುಹುಟ್ಟಿನ ಹಾಗೆ. ಮೂರು ತಿಂಗಳು ಬಿಟ್ಟು ಬಂದಾಗ ಅವರ ಮುಖದ ಕಳೆಯೇ ಬೇರೆ. ನನ್ನ ತಕರಾರು ಅವಸರದ ಬಗ್ಗೆ. ಬಿಳುಪು ಹೋಗುತ್ತದೆ, ಸೊಂಟ ನೋಯುತ್ತದೆ, ಬಲ್ಕಿ ಇದೆ ಎಂಬಷ್ಟಕ್ಕೇ ತೆಗೆಸಿಕೊಂಡು ಬಂದವರನ್ನು ನೋಡಿದ್ದೇನೆ. ಸೊಂಟ ನೋವು ಹಾಗೇ ಇತ್ತು. ಚಿಕ್ಕ ವಯಸ್ಸಿನಲ್ಲಿ ತೆಗೆದರೆ, ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲದ ಬದಲಾವಣೆ ಒಂದೆರಡು ವರ್ಷ ಮುಂಚೆ ಬರಬಹುದು. ಅಂಡಾಶಯವನ್ನೂ ತೆಗೆದರೆ ಆಪರೇಷನ್ ಆದ ಕೂಡಲೇ ಮೈ ಬಿಸಿಯೇರುವುದು, ನಿದ್ದೆ ಕೆಡುವುದು. ಮುಂದೆ ಮೂಳೆಗೂ ಹೃದಯಕ್ಕೂ ಪೆಟ್ಟು.

ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಕೂಲಿ ತಪ್ಪದಿರಲಿ ಎಂದು ಗರ್ಭಕೋಶ ತೆಗೆಸಿಕೊಂಡ ಸುದ್ದಿ 2019ರಲ್ಲಿ ದೇಶದ ತುಂಬ ಆಯಿತು. ನಮ್ಮಲ್ಲೇ ಕಲಬುರಗಿ ಕಡೆಯ ತಾಂಡಾಗಳ ಹೆಂಗಸರಿಗೆ ಬೇಡದ ಆಪರೇಷನ್ ಮಾಡಿದ ದೂರುಗಳು ಎದ್ದಿದ್ದವು. ಕಬ್ಬಿನ ನಾಡು ಮಂಡ್ಯದಲ್ಲಿ ಕೂತು ಇದನ್ನು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಡದ ಕಡೆ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ: ಯಾವ ಕಾರಣಕ್ಕೆ ತೆಗೆಯುತ್ತೀರಿ? ಬೇರೆ ಏನು ಪ್ರಯತ್ನಿಸಬಹುದು? ಅಂಡಾಶಯ ಉಳಿಸುತ್ತೀರಾ? ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಬರುತ್ತೇನೆ ಅಂದರೆ ಯಾವ ಒಳ್ಳೆಯ ಡಾಕ್ಟರೂ ಸಿಟ್ಟಾಗುವುದಿಲ್ಲ. ಮಾಡಿಸಿದ ಮೇಲೆ ಆರು ವಾರ ಕೊಡ ಎತ್ತಬಾರದು, ಹುಲ್ಲಿನ ಹೊರೆ ಹೊರಬಾರದು. ಈ ಮಾತನ್ನು ನಾನು ಗಂಡನನ್ನು ಒಳಗೆ ಕರೆದು ಅವನಿಗೇ ಹೇಳುತ್ತೇನೆ.

ಬಸುರಾಗಿದೀನಿ, ಸ್ಕ್ಯಾನಿಂಗಲ್ಲಿ ಗಡ್ಡೆ ಕಂಡಿದೆ. ಮಗೂಗೆ ತೊಂದ್ರೆನಾ?

ಬಹುಪಾಲು ಜನಕ್ಕೆ ಇಲ್ಲ, ಮಗು ತನ್ನ ಪಾಡಿಗೆ ಬೆಳೆಯುತ್ತದೆ. ಕೆಲವರಿಗೆ ನಡುವಿನ ತಿಂಗಳುಗಳಲ್ಲಿ ಗಡ್ಡೆ ಇರುವ ಕಡೆ ತೀವ್ರ ನೋವು ಬರಬಹುದು; ವಿಶ್ರಾಂತಿ, ನೋವಿನ ಔಷಧಿಯಲ್ಲಿ ಇಳಿಯುತ್ತದೆ. ಹೆರಿಗೆಯ ನಂತರ ರಕ್ತ ಹೆಚ್ಚು ಹೋಗುವ ಸಂಭವ ಇರುವುದರಿಂದ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿಕೊಳ್ಳಿ.

ನಾಟಿ ಔಷಧಿ, ದಾಸವಾಳ, ಕಷಾಯ?

ಬಿಳಿ ದಾಸವಾಳ ಅರೆದು ಕುಡಿಯುವುದನ್ನು ನಮ್ಮ ಅಜ್ಜಿಯೂ ಮಾಡುತ್ತಿದ್ದರು, ನಾನು ನಗುವುದಿಲ್ಲ. ಗಡ್ಡೆ ಕರಗಿದ್ದನ್ನು ಮಾತ್ರ ನಾನು ಕಂಡಿಲ್ಲ. ಹೆಸರಿಲ್ಲದ ಪುಡಿ, ಭಸ್ಮ ಬೇಡ. ಏನೇ ಕುಡಿದರೂ ಹಿಮೋಗ್ಲೋಬಿನ್ ನೋಡಿಸುವುದನ್ನು ನಿಲ್ಲಿಸಬೇಡಿ.

ಎಲ್ಲಿ ತೋರಿಸೋದು? ಖರ್ಚು?

ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್. ಎರಡೂ ಮೆಡಿಕಲ್ ಕಾಲೇಜಿಗೆ ಸೇರಿದ ಸರ್ಕಾರಿ ಆಸ್ಪತ್ರೆಗಳು. ಊರಿನ ಹತ್ತಿರದ ತಾಲ್ಲೂಕು ಆಸ್ಪತ್ರೆಯಿಂದಲೇ ಶುರುಮಾಡಿ, ಹಿಮೋಗ್ಲೋಬಿನ್ ಅಲ್ಲೇ ಆಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಖಾಸಗಿಗೆ ಹೋಗಬೇಕಾದರೆ ಅಲ್ಲಿಂದ ರೆಫರಲ್ ಬೇಕಾಗುತ್ತದೆ. ಮಾತ್ರೆಗಳು ಜನೌಷಧಿ ಅಂಗಡಿಯಲ್ಲಿ ಅಗ್ಗ.

ರಾತ್ರೋರಾತ್ರಿ ಯಾವಾಗ ಓಡಬೇಕು?

ಎರಡು ಗಂಟೆ ಸತತವಾಗಿ ಗಂಟೆಗೊಂದು ಪ್ಯಾಡು ತೊಯ್ದರೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಎದೆ ಹೊಡೆದುಕೊಂಡರೆ, ಕೂತಲ್ಲೇ ಉಸಿರು ಕಟ್ಟಿದರೆ. ಮುಟ್ಟು ತಪ್ಪಿ, ಆಮೇಲೆ ಹೊಟ್ಟೆನೋವಿನ ಜೊತೆ ರಕ್ತ ಬಂದರೆ. ಬೆಳಗಾಗಲಿ ಅನ್ನಬೇಡಿ, 108ಕ್ಕೆ ಫೋನ್ ಮಾಡಿ.

ಬರೋವಾಗ ಏನು ತರಬೇಕು?

ಹಳೆಯ ಚೀಟಿಗಳು, ರಿಪೋರ್ಟುಗಳು, ನುಂಗುತ್ತಿರುವ ಎಲ್ಲ ಮಾತ್ರೆಯ ಪಟ್ಟಿ. ಜೊತೆಗೆ ಮೂರು ತಿಂಗಳ ಲೆಕ್ಕ: ಯಾವತ್ತು ಶುರುವಾಯಿತು, ಯಾವತ್ತು ನಿಂತಿತು, ದಿನಕ್ಕೆ ಎಷ್ಟು ಪ್ಯಾಡು, ಹೆಪ್ಪು ಬಿತ್ತಾ. ಮೊಬೈಲು ಬೇಕಿಲ್ಲ, ಗೋಡೆಯ ಕ್ಯಾಲೆಂಡರೇ ಸಾಕು. ಮಳವಳ್ಳಿ ಕಡೆಯ ಒಬ್ಬರು ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದಿದ್ದರು. ಡೇರಿಗೆ ಹಾಕಿದ ಹಾಲಿನ ಲೀಟರೂ ಪ್ಯಾಡಿನ ಸಂಖ್ಯೆಯೂ ಒಂದೇ ಚೌಕದಲ್ಲಿ, ಒಂದೇ ಪೆನ್ನಿನಲ್ಲಿ. ಆರು ಅಂದರೆ ಯಾವುದು, ನಾಲ್ಕು ಅಂದರೆ ಯಾವುದು ಎಂದು ಬಿಡಿಸುವುದಕ್ಕೆ ಇಬ್ಬರಿಗೂ ಹತ್ತು ನಿಮಿಷ ಹಿಡಿಯಿತು. ಮುಂದಿನ ಸಲ ಹಾಲನ್ನು ನೀಲಿಯಲ್ಲಿ, ಇದನ್ನು ಕೆಂಪಿನಲ್ಲಿ ಬರೆದುಕೊಂಡು ಬಂದಿದ್ದರು.